ಸಾಲುಮನೆ: ಪರಸಿಯ ಮೇಲಿನ ಗೆರೆಗಳ ಕಾಲ

ದಾಳವಾಗಲಿ ಕವಡೆಯಾಗಲಿ ಬೇಡದ, ಅದೃಷ್ಟಕ್ಕೆ ಎಡೆಯಿಲ್ಲದ, ಇಬ್ಬರು ಎದುರುಬದುರು ಕುಳಿತು ಆಡುವ ಮಣೆಯಾಟಗಳಲ್ಲಿ ಸಾಲುಮನೆ ಮುಖ್ಯವಾದದ್ದು. ಇದನ್ನೇ ಕನ್ನಡನಾಡಿನಲ್ಲಿ ಜೋಡ್ಪಿ, ಚರ್‌ಪರ್ ಎಂದೂ ತೆಲುಗರಲ್ಲಿ ದಾಡಿ ಎಂದೂ ಕರೆಯುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಂಥ ಬಯಲುನಾಡಿನಲ್ಲಿ ಇಂಥ ಆಟಕ್ಕೆ ಬೇಕಾದ ಮಣೆ ನೆಲದಲ್ಲಿಯೇ ಇದೆ. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ತಾಳಿಕೋಟೆಯ ಸುತ್ತ ಭೀಮಾ ಶಿಲಾಸ್ತೋಮದ ಸುಣ್ಣಕಲ್ಲು ಪದರುಪದರಾಗಿ ಏಳುತ್ತದೆ; ಪರಸಿ ಎಂದು ಕರೆಯುವ ಈ ಹಾಸುಗಲ್ಲು ಗ್ರಾನೈಟಿನಷ್ಟು ಗಡುಸಲ್ಲವಾದ್ದರಿಂದ ಮೊಳೆಯ ತುದಿಯಿಂದಲೂ ಅದರ ಮೇಲೆ ಗೆರೆ ಕೊರೆಯಬಹುದು.

ಒಂದರೊಳಗೊಂದು ಮೂರು ಚೌಕಗಳನ್ನು ಬರೆದು, ಅವುಗಳ ಬದಿಗಳ ನಡುಬಿಂದುಗಳನ್ನು ಗೆರೆಗಳಿಂದ ಕೂಡಿಸಿದರೆ 24 ಮನೆಗಳ, ಅಂದರೆ ಕಾಯಿ ಇಡಬಹುದಾದ ಸಂಧಿಗಳ, ಮಣೆ ಸಿದ್ಧವಾಗುತ್ತದೆ. ಒಬ್ಬರಿಗೆ ಒಂಬತ್ತು ಹರಳು, ಇನ್ನೊಬ್ಬರಿಗೆ ಒಂಬತ್ತು ಹುಣಸೆಬೀಜ ಸಾಕು. ಸರದಿಯಂತೆ ಒಂದೊಂದು ಕಾಯಿ ಇಡುತ್ತ ಹೋಗಿ, ಒಂದೇ ಗೆರೆಯ ಮೂರೂ ಮನೆಗಳನ್ನು ಹಿಡಿದವನು ಸಾಲು ಕಟ್ಟಿದಂತಾಗಿ ಎದುರಾಳಿಯ ಒಂದು ಕಾಯಿಯನ್ನು ಎತ್ತುತ್ತಾನೆ. ಆದರೆ ಬೇರೆ ಕಾಯಿ ಉಳಿದಿರುವಾಗ ಕಟ್ಟಿದ ಸಾಲಿನೊಳಗಿನ ಕಾಯಿಯನ್ನು ಮುಟ್ಟುವಂತಿಲ್ಲ. ಕೈಯಲ್ಲಿದ್ದ ಕಾಯಿಗಳು ಮುಗಿದ ಮೇಲೆ ಗೆರೆಯುದ್ದಕ್ಕೂ ಪಕ್ಕದ ಖಾಲಿ ಮನೆಗೆ ನಡೆಸಬೇಕು, ಎರಡೇ ಕಾಯಿ ಉಳಿದವನು ಅಥವಾ ನಡೆಸಲು ದಾರಿಯಿಲ್ಲದವನು ಸೋತಂತೆ. ಮೂರು ಕಾಯಿಗೆ ಇಳಿದವನಿಗೆ ಯಾವ ಖಾಲಿ ಮನೆಗಾದರೂ ಹಾರಲು ಬಿಡುವ ರೂಢಿಯೂ, ಮೂಲೆಗಳನ್ನು ಕೂಡಿಸುವ ಕರ್ಣರೇಖೆಗಳ ರೂಢಿಯೂ ಉಂಟು. ಕರ್ಣವಿಲ್ಲದ ಮಣೆಯಲ್ಲಿ ಸಾಲಾಗಬಲ್ಲ ಗೆರೆಗಳು 16. ನಡುಚೌಕದ ನಾಲ್ಕು ನಡುಮನೆಗಳಿಂದ ಮಾತ್ರ ನಾಲ್ಕು ದಿಕ್ಕಿಗೂ ದಾರಿಯಿರುವುದರಿಂದ ಬಲ್ಲವರು ಮೊದಲು ಅವನ್ನೇ ಹಿಡಿಯುತ್ತಾರೆ, ಮೂಲೆಗೆ ಆತುರಪಡುವವನು ಹೊಸಬನೆಂದೇ ಲೆಕ್ಕ. ಒಂದೇ ಕಾಯಿಯನ್ನು ಅತ್ತಿತ್ತ ಸರಿಸುತ್ತ ಎರಡು ಸಾಲುಗಳನ್ನು ಬದಲಿಬದಲಿ ಕಟ್ಟುವ ಸ್ಥಿತಿಗೆ ತಲುಪಿದವನನ್ನು ತಡೆಯುವುದು ಕಷ್ಟ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮವಾಗಿಯೇ ಮುಗಿಯುತ್ತದೆಂಬುದನ್ನು ರಾಲ್ಫ್ ಗಾಸರ್ 1993ರಲ್ಲಿ ಕಂಪ್ಯೂಟರಿನ ನೆರವಿನಿಂದ ತೋರಿಸಿದರು.

ಈ ಆಟದ ಪ್ರಾಚೀನತೆಯನ್ನು ಕುರಿತ ಮಾತುಗಳಲ್ಲಿ ಉತ್ಸಾಹವೇ ಹೆಚ್ಚು. ಈಜಿಪ್ಟಿನ ಕುರ್ನಾ ದೇವಾಲಯದ ಚಾವಣಿಗಲ್ಲುಗಳ ಮೇಲಿನ ಮಣೆಗಳನ್ನು ಆ ಕಟ್ಟಡದಷ್ಟೇ ಹಳೆಯವೆಂದು ಬಹುಕಾಲ ನಂಬಲಾಗಿತ್ತು. ಅಲ್ಲಿಯ ಗೀರುಗಳ ನಡುವೆ ಬಹಳ ಈಚಿನ ಕ್ರೈಸ್ತ ಶಿಲುಬೆಗಳೂ ಇರುವುದರಿಂದ ಆ ನಂಬಿಕೆ ಸಡಿಲಗೊಂಡಿತು. ಗ್ರಂಥಸ್ಥ ಸಾಕ್ಷ್ಯವಾಗಿ ಕ್ಯಾಸ್ಟೀಲಿನ ದೊರೆ ಹತ್ತನೆಯ ಆಲ್ಫಾನ್ಸೊ 1283ರಲ್ಲಿ ಮುಗಿಸಿದ ಆಟಗಳ ಪುಸ್ತಕದಲ್ಲಿ ಇದೇ ಮಣೆ ಚಿತ್ರಿತವಾಗಿದೆ. ವಿಜಯಪುರ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು ಚದುರಂಗವೇ ಮೊದಲಾದ ಆಟಗಳನ್ನು ವಿವರಿಸುತ್ತದೆಯಾದರೂ ಅದು ನೋಡುವುದು ಅರಸನ ವಿನೋದವನ್ನು. ಜನಸಾಮಾನ್ಯರ ಆಟದ ದಾಖಲೆಯನ್ನು ನೆಲದ ಕಲ್ಲುಗಳಲ್ಲಿಯೇ ಹುಡುಕಬೇಕು.

ಹಾಗೆ ಹುಡುಕುವಾಗ ಹಂಪಿಯ ಉದಾಹರಣೆ ಎಚ್ಚರಿಕೆ ಕಲಿಸುತ್ತದೆ. ಅಲ್ಲಿಯ ಮಂಟಪಗಳ ನೆಲಹಾಸಿನಲ್ಲಿ ಕೊರೆದ ಮಣೆಗಳಿವೆ. 1565ರ ಜನವರಿಯಲ್ಲಿ ತಾಳಿಕೋಟೆಯ ಹೆಸರಿನಿಂದ ಪ್ರಸಿದ್ಧವಾದ ಕಾಳಗದ ತರುವಾಯ ರಾಜಧಾನಿಯಾಗಿದ್ದ ಹಂಪಿ ಬರಿದಾಯಿತು. ಆದ್ದರಿಂದ ಆ ಮಣೆಗಳನ್ನು ಗುಡಿ ಕಟ್ಟಿದ ಶಿಲ್ಪಿಗಳು, ಬಿಡುವಿನ ಕಾವಲುಗಾರರು, ಯಾತ್ರಿಕರು ಅಥವಾ ಪಾಳುಬಿದ್ದ ಮಂಟಪದಲ್ಲಿ ನೆರಳಿಗೆ ಕುಳಿತ ಕುರಿಗಾಹಿಗಳು, ಯಾರು ಬೇಕಾದರೂ ಕೊರೆದಿರಬಹುದು. ಕಟ್ಟಡದ ಕಾಲವು ಗೆರೆ ಎಷ್ಟು ಹಳೆಯದಾಗಿರಬಹುದೆಂಬುದಕ್ಕೆ ಮಿತಿ ಹಾಕುತ್ತದೆಯೇ ಹೊರತು ಅದರ ವಯಸ್ಸನ್ನು ಹೇಳುವುದಿಲ್ಲ. ಗೋಡೆಯಲ್ಲಿ ನಿಲುವಾಗಿ ಕೂಡಿಸಿದ ಕಲ್ಲಿನಲ್ಲಿ ಮಣೆಯಿದ್ದರೆ ಅಲ್ಲಿ ಕಾಯಿ ನಿಲ್ಲದು, ಆದ್ದರಿಂದ ಅದು ಗೋಡೆ ಸೇರುವ ಮೊದಲೇ ಕೊರೆದದ್ದೆಂದು ಊಹಿಸಬಹುದು. ಇಂಥ ಕಲ್ಲುಗಳಿಗೆ ಹೆಚ್ಚಿನ ಬೆಲೆಯಿದೆ.

ಶಾಸನಗಳನ್ನು ಹುಡುಕಿ ಅಚ್ಚು ತೆಗೆದಂತೆ ಈ ಗೆರೆಗಳನ್ನೂ ದಾಖಲಿಸಬೇಕು. ಮೊದಲು ಹೆಸರಿಸಿದ ವಿಜಯಪುರ ಜಿಲ್ಲೆಯ ಸೀಮೆಗಳಲ್ಲಿ ಜೀರ್ಣೋದ್ಧಾರಕ್ಕೆ ಕೈಹಾಕುವ ದೇವಸ್ಥಾನ ಸಮಿತಿಗಳು ಹಳೆಯ ಪರಸಿ ಕಿತ್ತು ಟೈಲ್ಸ್ ಹಾಕಿಸುವ ಮುನ್ನ ನೆಲವನ್ನು ತೊಳೆಸಿ, ಓರೆಬಿಸಿಲಿನಲ್ಲಿ ನೋಡಿ, ಗೆರೆ ಕಂಡ ಕಲ್ಲುಗಳ ಫೋಟೊ ತೆಗೆಸಿಡಲಿ.