ಕಡಲ ತಳದಲ್ಲಿ ಹಿಮದ ಉಳುಮೆ

ಉತ್ತ ಹೊಲದಲ್ಲಿ ನೇಗಿಲ ಸಾಲುಗಳನ್ನು ನೀವು ನೋಡಿರುತ್ತೀರಿ. ಅಂಟಾರ್ಕ್ಟಿಕದ ಸುತ್ತಲಿನ ಕಡಲಿನಲ್ಲಿ, ನಾರ್ವೆಯ ತೀರದಾಚೆ, ನೂರಾರು ಮೀಟರ್ ಆಳದ ನೆಲದ ಮೇಲೂ ಇಂಥ ಸಾಲುಗಳಿವೆ. ಅವುಗಳ ಉದ್ದ ಹತ್ತಾರು ಕಿಲೊಮೀಟರ್, ಎತ್ತರ ಮಾತ್ರ ಕೆಲವೇ ಮೀಟರ್. ಅಲ್ಲಿ ಉತ್ತವರು ಯಾರು?

ಉತ್ತವು ಹಿಮಪ್ರವಾಹಗಳು. ಖಂಡವನ್ನೇ ಮುಚ್ಚಿದ ಹಿಮದ ಹೊದಿಕೆ ಎಲ್ಲೆಡೆ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಬಹುಭಾಗ ವರ್ಷಕ್ಕೆ ಕೆಲವೇ ಮೀಟರ್ ಸರಿದರೆ, ನಡುವಿನ ಕೆಲವು ಪಟ್ಟಿಗಳು ನೂರಾರು ಮೀಟರ್, ಕೆಲವೊಮ್ಮೆ ಕಿಲೊಮೀಟರಿಗೂ ಹೆಚ್ಚು ಜಾರುತ್ತವೆ. ತಳದಲ್ಲಿರುವ ನೀರು ಮತ್ತು ನೆನೆದ ಕೆಸರು ಈ ಜಾರಿಕೆಗೆ ಕಾರಣ. ಆ ಕೆಸರೇ ಹಿಮದ ದಿಕ್ಕಿನಲ್ಲಿ ಉದ್ದುದ್ದ ಸಾಲುಗಳಾಗುತ್ತದೆ.

ಹಿಮ ನೀರಿನಲ್ಲಿ ತೇಲುತ್ತದಲ್ಲ, ಕಡಲ ತಳವನ್ನು ಮುಟ್ಟಿದ್ದು ಹೇಗೆ ಎಂದು ನೀವು ಕೇಳಬಹುದು. ತೇಲುವ ಹಿಮದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನಲ್ಲಿ ಮುಳುಗಿರುತ್ತದೆ. ಹಾಗಾದರೆ 1000 ಮೀಟರ್ ದಪ್ಪದ ಹಿಮ ತೇಲಲು ಸುಮಾರು 900 ಮೀಟರ್ ಆಳದ ನೀರು ಬೇಕು. ಆಳ ಅದಕ್ಕಿಂತ ಕಡಿಮೆಯಿದ್ದರೆ ಹಿಮ ತಳಕ್ಕೆ ಒರಗಿಯೇ ಸಾಗುತ್ತದೆ. ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದಲ್ಲಿ ಸಮುದ್ರಮಟ್ಟವೂ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು.

ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ 1837ರಲ್ಲಿ ಹಿಮಯುಗದ ವಾದವನ್ನು ಮಂಡಿಸಿದಾಗ ಇದ್ದ ಸಾಕ್ಷ್ಯಗಳೆಲ್ಲ ನೆಲದ ಮೇಲಿನವು. ಕಡಲ ಆಳ ಅಳೆಯಲು ಆಗ ಇದ್ದುದು ಹಗ್ಗ ಮತ್ತು ಸೀಸದ ಗುಂಡು. 1920ರ ದಶಕದಲ್ಲಿ ಪ್ರತಿಧ್ವನಿಯಿಂದ ಅಳೆಯುವ ಕ್ರಮ ಬಂದರೂ, ಹಡಗು ಸಾಗಿದ ಒಂದು ಗೆರೆಯ ಆಳವಷ್ಟೇ ತಿಳಿಯುತ್ತಿತ್ತು. 1993ರಲ್ಲಿ ಬ್ರಿಟನ್ನಿನ ಕ್ರಿಸ್ ಕ್ಲಾರ್ಕ್ ಕೆನಡಾದ ಉಪಗ್ರಹ ಚಿತ್ರಗಳಲ್ಲಿ ನೆಲದ ಮೇಲಿನ ಬೃಹತ್ ಸಾಲುಗಳನ್ನು ವಿವರಿಸಿದರು. ಅಗಲವಾದ ಪಟ್ಟಿಯನ್ನೇ ಒಮ್ಮೆಗೆ ಅಳೆಯುವ ಬಹುಕಿರಣ ಸೋನಾರ್ ಹೊತ್ತ ಹಡಗುಗಳು ಅಂಟಾರ್ಕ್ಟಿಕದ ಕಡಲ ತಳದಲ್ಲೂ ಅಂಥವನ್ನೇ ಕಂಡವು. ನೇರ ಸಾಕ್ಷ್ಯ ದೊರೆತದ್ದು 2009ರಲ್ಲಿ ಪ್ರಕಟವಾದ ಅಧ್ಯಯನದಿಂದ. ಪಶ್ಚಿಮ ಅಂಟಾರ್ಕ್ಟಿಕದಲ್ಲಿ ಇಂದಿಗೂ ಹರಿಯುತ್ತಿರುವ ರಟ್‌ಫರ್ಡ್ ಹಿಮಪ್ರವಾಹದ ಅಡಿಯಲ್ಲೇ ರೇಡಾರ್ ಇಂಥ ಸಾಲುಗಳನ್ನು ತೋರಿಸಿತು.

ಉದ್ದದ ಸಾಲುಗಳು ದಿಕ್ಕನ್ನು ಹೇಳಿದರೆ, ಅಡ್ಡಲಾಗಿ ಮೂಡಿದ ಪುಟ್ಟ ದಿಣ್ಣೆಗಳು ವೇಗವನ್ನು ಹೇಳುತ್ತವೆ. ಹಿಮ ತೆಳುವಾದಂತೆ, ಅದು ಮುಂದಕ್ಕೇ ಹರಿಯುತ್ತಿದ್ದರೂ, ನೆಲ ಬಿಟ್ಟು ತೇಲತೊಡಗುವ ಅಂಚು ಹಿಂದೆ ಸರಿಯುತ್ತದೆ. ಈ ಅಂಚು ಉಬ್ಬರದಲ್ಲಿ ತುಸು ಮೇಲೇಳುತ್ತದೆ. ಇಳಿತದಲ್ಲಿ ಕುಳಿತು ಕೆಸರನ್ನು ಒತ್ತುತ್ತದೆ. ಒಂದು ಇಳಿತಕ್ಕೆ ಒಂದು ದಿಣ್ಣೆ! ನಾರ್ವೆಯ ಬಳಿ ದಿನಕ್ಕೆ ಎರಡು ಇಳಿತಗಳು. ಅಲ್ಲಿನ 7,600ಕ್ಕೂ ಹೆಚ್ಚು ದಿಣ್ಣೆಗಳನ್ನು ಗುರುತಿಸಿ ಕ್ರಿಸ್ಟೀನ್ ಬ್ಯಾಚಲರ್ ಮತ್ತು ಸಂಗಡಿಗರು 2023ರಲ್ಲಿ ಲೆಕ್ಕ ಕೊಟ್ಟರು: ಹಿಮಯುಗದ ಕೊನೆಯಲ್ಲಿ ಅಂಚು ದಿನಕ್ಕೆ 55ರಿಂದ 610 ಮೀಟರ್ ಹಿಂದೆ ಸರಿದಿತ್ತು. ತಳ ಸಮತಟ್ಟಾಗಿದ್ದ ಕಡೆ ವೇಗ ಅತಿ ಹೆಚ್ಚು. ಅಂಥ ಕಡೆ ಹಿಮ ಸ್ವಲ್ಪ ತೆಳುವಾದರೂ ದೊಡ್ಡ ಭಾಗವೇ ಒಮ್ಮೆಗೆ ತೇಲುತ್ತದೆ. ಆದರೆ ಈ ಓಟ ಕೆಲವು ದಿನ ಅಥವಾ ತಿಂಗಳು ಮಾತ್ರ ನಡೆಯಿತು.

ಪಶ್ಚಿಮ ಅಂಟಾರ್ಕ್ಟಿಕದ ಥ್ವೈಟ್ಸ್ ಹಿಮನದಿಯ ಮುಂದೆ 2019ರಲ್ಲಿ 'ರಾನ್' ಎಂಬ ಮಾನವರಹಿತ ಜಲಾಂತರ್ನೌಕೆ ಸುಮಾರು 700 ಮೀಟರ್ ಆಳದಲ್ಲಿ 160ಕ್ಕೂ ಹೆಚ್ಚು ದಿಣ್ಣೆಗಳನ್ನು ನಕ್ಷೆ ಮಾಡಿತು. ಕಳೆದ ಎರಡು ಶತಮಾನಗಳೊಳಗೆ ಎಂದೋ ಆರು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಅಲ್ಲಿನ ಅಂಚು ವರ್ಷಕ್ಕೆ 2.1 ಕಿಲೊಮೀಟರಿಗೂ ಹೆಚ್ಚಿನ ವೇಗದಲ್ಲಿ ಹಿಂದೆ ಸರಿದಿತ್ತು. ಇದು 2011-2019ರ ನಡುವೆ ಅಲ್ಲಿ ಉಪಗ್ರಹಗಳು ದಾಖಲಿಸಿದ ಅತಿ ಹೆಚ್ಚಿನ ವೇಗದ ಸುಮಾರು ಎರಡರಷ್ಟು.

ಥ್ವೈಟ್ಸ್ ಪೂರ್ತಿ ಕರಗಿದರೆ ಜಗತ್ತಿನ ಸಮುದ್ರಮಟ್ಟ ಸುಮಾರು 65 ಸೆಂಟಿಮೀಟರ್ ಏರಬಲ್ಲದು. ಕಾರವಾರ, ಮಂಗಳೂರುಗಳ ಕಡಲೂ ಇದಕ್ಕೆ ಹೊರತಲ್ಲ. ಉಪಗ್ರಹಗಳು ಹಿಮವನ್ನು ಗಮನಿಸತೊಡಗಿ ಕೆಲವು ದಶಕಗಳಷ್ಟೇ ಆಗಿವೆ. ಅವು ಕಂಡ ವೇಗವೇ ಹಿಮದ ಗರಿಷ್ಠ ವೇಗ ಎಂದು ನಾವು ನೆಚ್ಚಿಕೊಳ್ಳುವಂತಿಲ್ಲ ಎಂಬುದನ್ನು ಕಡಲ ತಳದ ಕೆಸರು ತಿಳಿಸುತ್ತಿದೆ.