ಹಡಗಿನ ಅಳತೆ ಬಾಗಿಲಲ್ಲಿದೆ

ಯಶವಂತಪುರದ ಎಪಿಎಂಸಿ ಯಾರ್ಡಿಗೆ ಬರುವ ಹತ್ತು ಚಕ್ರದ ಲಾರಿ ಹೊರೋದು ಸುಮಾರು 15ರಿಂದ 20 ಟನ್. ಫ್ರಾನ್ಸಿನ ಸಣ್ಣ ಕಾಲುವೆಯ ಒಂದು ಸಾಧಾರಣ ಹಡಗು 350 ಟನ್ ಹೊರುತ್ತೆ. ಇಪ್ಪತ್ತು ಲಾರಿ ಸರಕು, ಒಂದೇ ಹಡಗಲ್ಲಿ!

ಯುರೋಪಿನಲ್ಲಿ ಈ ಅಳತೆ ದೇಶಕ್ಕೊಂದು ಥರ ಯಾಕೆ? ಕಾರಣ ಹಡಗಲ್ಲಿಲ್ಲ, ಲಾಕ್‌ನಲ್ಲಿದೆ. ಲಾಕ್ ಅಂದ್ರೆ ಕಾಲುವೆಯ ಮೆಟ್ಟಿಲು. ಎರಡು ಬಾಗಿಲ ತೊಟ್ಟಿಗೆ ನೀರು ತುಂಬಿಸಿ ಹಡಗನ್ನು ಏರಿಸ್ತಾರೆ, ನೀರು ಬಿಟ್ಟು ಇಳಿಸ್ತಾರೆ. ಬಾಗಿಲಲ್ಲಿ ತೂರದ ಹಡಗಿಗೆ ಆ ಕಾಲುವೆಯಲ್ಲಿ ಕೆಲಸವಿಲ್ಲ.

ಇಂಗ್ಲೆಂಡಿನವರು 18ನೇ ಶತಮಾನದಲ್ಲೇ ಏಳಡಿ ಅಗಲದ ಲಾಕ್ ಕಟ್ಟಿದ್ರು. ದೋಣಿಗೆ ಹೆಚ್ಚೆಂದರೆ 30 ಟನ್. ರೈಲು ಬಂದಾಗ ಅವು ಸೋತವು. ಫ್ರಾನ್ಸಿನ ಮಂತ್ರಿ ಫ್ರೆಸಿನೆ 1879ರಲ್ಲಿ ಕಾನೂನು ತಂದು ಲಾಕಿನ ಉದ್ದ 39 ಮೀಟರ್, ಅಗಲ 5.2 ಮೀಟರ್ ಅಂತ ನಿಗದಿ ಮಾಡಿದ. ಅದಕ್ಕೆ ಹೊಂದುವ ಹಡಗು 250ರಿಂದ 400 ಟನ್. ಬೆಲ್ಜಿಯಂನ ಕೆಂಪೆನಾರ್ 400–650, ಜರ್ಮನಿಯ ಡಾರ್ಟ್ಮುಂಡ್-ಎಮ್ಸ್ ಮಾದರಿ 650–1000, ರೈನ್-ಹೆರ್ನೆ ಮಾದರಿ 1000–1500 ಟನ್. 1992ರ ಯುರೋಪಿನ ವರ್ಗೀಕರಣದಲ್ಲಿ ಇವೇ ಒಂದರಿಂದ ನಾಲ್ಕನೇ ದರ್ಜೆ. ಹಳೇ ಫೈಲ್ ಫಾರ್ಮ್ಯಾಟ್ ಬಿಡೋಕಾಗದೆ ಹೊಸ ಸಾಫ್ಟ್‌ವೇರ್ ಬರೀತೀವಲ್ಲ, ಹಾಗೇ :)

ಅದಿರಲಿ, ನಮ್ಮ ಕಡೆ? ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಹೊಳೆ ದಾಟಿಸುವ ಹರಿಗೋಲಲ್ಲಿ 15–20 ಜನ ಹಿಡಿಸ್ತಾರೆ ಅಂತ ಬರೆದಿದ್ದಾನೆ. ಇದೇ ತುಂಗಭದ್ರೆಯ ನೀರಲ್ಲಿ ಸರಕು ಸಾಗಿಸೋ ಕನಸು ಕಂಡವನು ಆರ್ಥರ್ ಕಾಟನ್. ರೈಲಿಗಿಂತ ಕಾಲುವೆ ಅಗ್ಗ ಅನ್ನೋದು ಅವನ ಹಟ. ಸುಂಕೇಸುಲದಿಂದ ಕರ್ನೂಲು-ಕಡಪ ಕಾಲುವೆಯನ್ನು 1863ರಿಂದ 1870ರ ನಡುವೆ ಒಂದು ಖಾಸಗಿ ಕಂಪನಿ ಕಟ್ಟಿತು, ನೀರಾವರಿಗೂ ದೋಣಿಗೂ ಅಂತ. 1871ರಲ್ಲಿ ಕಡಪದ ಮೇಲೆ ಹಾದ ಮದ್ರಾಸಿನ ರೈಲುದಾರಿ ರಾಯಚೂರಲ್ಲಿ ಮುಂಬೈ ದಾರಿಗೆ ಕೂಡಿತು. ನಷ್ಟದ ಕಾಲುವೆಯನ್ನು 1882ರಲ್ಲಿ ಸರ್ಕಾರ ಕೊಂಡಿತು. 1933ರ ನಂತರ ಅದು ಬರೀ ನೀರಾವರಿಗೆ.

2016ರ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಅಂತ ಘೋಷಿಸಿತು. ಕಾಳಿ, ಶರಾವತಿ, ನೇತ್ರಾವತಿ ಜೊತೆ ತುಂಗಭದ್ರೆಯೂ ಇದೆ. ಕರಾವಳಿ ಹೊಳೆಗಳ ಅಳಿವೆ ಭಾಗಕ್ಕೆ ಸಮುದ್ರದ ಭರತ ಇದೆ, ಅಲ್ಲಿ ದೋಣಿ ಓಡೀತು. ಆದ್ರೆ ಬೇಸಿಗೆಯಲ್ಲಿ ಮರಳು, ಬಂಡೆ ತೋರಿಸುವ ತುಂಗಭದ್ರೆಯಲ್ಲಿ ಹಡಗಿಗೆ ಅಂತ ನೀರು ನಿಲ್ಲಿಸಬೇಕು. ಗಂಗಾವತಿ, ಸಿಂಧನೂರಿನ ಕಡೆ ರೈತರು ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ವೋ ಅಂತ ಕಾಯ್ತಿರುವಾಗ ಆ ನೀರನ್ನು ಯಾರ ಪಾಲಿನಿಂದ ತೆಗೀಬೇಕು? ಕಾಯ್ದೆ ನದಿಗೆ ಹೆಸರು ಕೊಡಬಹುದು, ಆಳ ಕೊಡೋಕಾಗಲ್ಲ.

ನೀವೇನಂತೀರಿ?