ಪ್ರಸವವೇದನೆ: ತಾನಾಗಿ ಬರುವುದೂ ಮದ್ದಿನಿಂದ ಬರಿಸುವುದೂ

ಹೆರಿಗೆಯ ಬೇನೆಗೆ ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ‘ಆವೀ’ ಎಂಬ ಪ್ರತ್ಯೇಕವಾದ ಹೆಸರುಂಟು. ಆವೀ ತಲೆದೋರದೆ ಗರ್ಭಿಣಿಯು ತಿಣುಕಬಾರದೆಂದೂ, ಅಕಾಲದ ಆ ಶ್ರಮವು ವ್ಯರ್ಥವೆಂದೂ ಚರಕಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಬೇನೆಯಿಂದ ಬಳಲಿಯೂ ಹೆರದಿದ್ದರೆ ಒನಕೆಯಿಂದ ಕುಟ್ಟಿಸಬೇಕೆಂಬವರ ಮತವನ್ನು ಆತ್ರೇಯನು ಅಲ್ಲಿ ನಿರಾಕರಿಸಿದ್ದಾನೆ. ಹೆರಿಗೆಯನ್ನು ಬಲವಂತದಿಂದ ತರುವುದರಲ್ಲಿ ಅಪಾಯವುಂಟೆಂಬ ಅರಿವು ಹೀಗೆ ಪುರಾತನವಾದುದು.

೧೯೦೬ರಲ್ಲಿ ಹೆನ್ರಿ ಡೇಲನು ಪಿಟ್ಯುಟರಿ ಗ್ರಂಥಿಯ ಸಾರದಿಂದ ಗರ್ಭಕೋಶವು ಸಂಕೋಚಗೊಳ್ಳುವುದನ್ನು ಕಂಡನು. ೧೯೦೯ರಲ್ಲಿ ಬ್ಲೇರ್ ಬೆಲ್ಲನು ಅದರ ಪ್ರಯೋಗವನ್ನು ಪ್ರಸವಚಿಕಿತ್ಸೆಯಲ್ಲಿ ಪ್ರಕಟಿಸಿದನು. ಸಾರದ ಬಲವು ನಿಶ್ಚಿತವಾಗಿರದ ಕಾರಣ ಗರ್ಭಕೋಶವು ಹರಿದ ಪ್ರಸಂಗಗಳೂ ಒದಗಿದವು. ೧೯೫೩ರಲ್ಲಿ ಡು ವಿಗ್ನೋ ಆಕ್ಸಿಟೋಸಿನ್ನನ್ನು ಕೃತಕವಾಗಿ ರಚಿಸಿದ ಮೇಲೆ, ಶುದ್ಧವಾದ ಮದ್ದನ್ನು ರಕ್ತನಾಳಕ್ಕೆ ಅಳತೆಯಿಂದ ಹನಿಸುವುದು ಸುಲಭವಾಯಿತು.

ನಮ್ಮ ಕರಾವಳಿಯಲ್ಲಿ ಉಡುಪಿಯ ಲೊಂಬಾರ್ಡ್ ಆಸ್ಪತ್ರೆಯು ೧೯೨೩ರಲ್ಲಿ ಆರಂಭವಾಯಿತು. ಮುಂದೆ ಕಿರಿಮಂಜೇಶ್ವರದಂತಹ ಊರುಗಳಲ್ಲಿಯೂ ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಸಾಗಿದಂತೆ ಈ ಎರಡು ಬೇನೆಗಳ ಭೇದವು ತಾಯಂದಿರ ಅನುಭವಕ್ಕೆ ಬಂದಿತು.

ಆ ಭೇದಕ್ಕೆ ಕಾರಣವುಂಟು. ದೇಹವು ತಾನೇ ಸ್ರವಿಸುವ ಆಕ್ಸಿಟೋಸಿನ್ ಅಲೆಯಲೆಯಾಗಿ ಬರುತ್ತದೆ. ಹನಿಸುವ ಮದ್ದು ಎಡೆಬಿಡದೆ ಇಳಿಯುತ್ತದೆ. ಸಹಜವಾದ ಬೇನೆಯು ಸಾಮಾನ್ಯವಾಗಿ ಮೆಲ್ಲಗೆ ಮೊದಲಾಗಿ ಕ್ರಮವಾಗಿ ಬಲಿಯುತ್ತದೆ. ಬರಿಸಿದುದು ಹಲವರಲ್ಲಿ ಬೇಗನೆ ಬಿರುಸಾಗುತ್ತದೆ. ಅಳತೆ ಮೀರಿದರೆ ನಡುವಣ ಬಿಡುವು ಕುಗ್ಗಿ, ಶಿಶುವಿಗೆ ಪ್ರಾಣವಾಯುವಿನ ಕೊರತೆಯಾಗುವ ಭಯವೂ ಉಂಟು. ಆದುದರಿಂದ ನೋವು ಹೆಚ್ಚೆಂಬ ತಾಯಂದಿರ ಮಾತನ್ನು ಅಧೈರ್ಯವೆಂದು ತಳ್ಳುವುದು ಯುಕ್ತವಲ್ಲ.

ದಿನ ಮೀರಿದ ಗರ್ಭದಲ್ಲಿಯೂ ರಕ್ತದೊತ್ತಡದ ಬಾಧೆಯಲ್ಲಿಯೂ ಇದೇ ಮದ್ದು ಪ್ರಾಣರಕ್ಷಕವಾಗಬಲ್ಲುದು. ಸಕಾರಣವಾಗಿ ಬೇನೆಯನ್ನು ಬರಿಸುವ ವೈದ್ಯನು ಅದನ್ನು ತಗ್ಗಿಸುವ ಉಪಚಾರವನ್ನೂ ಜೊತೆಯಲ್ಲಿಯೇ ಒದಗಿಸತಕ್ಕದ್ದು.